ಒಳಗಿನ ಚಿಲಕ

ಮಲಗುವ ಕೋಣೆಯ ಚಿಲಕ ಸಡಿಲವಾಗಿತ್ತು. ಹೊಸದು ತರಲು ಮೊನ್ನೆ ಮಾರೇನಹಳ್ಳಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಕಬ್ಬಿಣಕ್ಕೆ ಹಚ್ಚಿದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು... ನಮ್ಮ ಮೇಡಂ ನೆನಪಾದರು.

ಎರಡು ಸಾವಿರದ ಇಸವಿ ಕಳೆದ ಹೊಸತು. ವಿಜಯನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಪುಟ್ಟ ಸೇವಾಸಂಸ್ಥೆ. ಮೇಡಂ ಅದರ ಮುಖ್ಯಸ್ಥೆ, ನಾನು ಸಹಾಯಕಿ. ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಎರಡು ಕೇರಿಗಳಿಗೆ ಹೊಡೆದಾಟವಾಗಿ ಮನೆಗಳು ಸುಟ್ಟಿದ್ದವು. ಅಲ್ಲಿ ತಗಡಿನ ಶೆಡ್ಡುಗಳನ್ನು ಕಟ್ಟಿಸಿಕೊಟ್ಟಿದ್ದೆವು. ಇನ್ನೇನು ಬೇಕೆಂದು ಕೇಳಲು ಹೋದರೆ, ಮುಂದೆ ಕುಳಿತ ಗಂಡಸರು ಸಮುದಾಯ ಭವನ ಬೇಕೆಂದರು, ಅದಕ್ಕೊಂದು ಮೈಕ್ ಸೆಟ್ಟೂ ಬೇಕಂತೆ! ಹಿಂದಿದ್ದ ಹೆಂಗಸರ ಸರದಿ ಬರಲೇ ಇಲ್ಲ.

ಮೇಡಂ ಸಭೆಯಿಂದ ಅರ್ಧಕ್ಕೇ ಎದ್ದು ಶೆಡ್ಡುಗಳನ್ನು ನೋಡಲು ಹೊರಟರು. ಅವರಿಗೆ ಯಾರ ಮುಲಾಜೂ ಇರಲಿಲ್ಲ. ಕೊನೆಯ ಶೆಡ್ಡಿನಲ್ಲಿ ಒಬ್ಬ ವಿಧವೆ, ಅವಳ ವಯಸ್ಸಿಗೆ ಬಂದ ಮಗಳು. ಬಾಗಿಲ ಹಿಂದೆ ಒಂದು ಬೀಸುಕಲ್ಲು.

"ಇದ್ಯಾಕಮ್ಮಾ ಇಲ್ಲಿ?" ಎಂದರು ಮೇಡಂ.

"ರಾತ್ರಿ ಬಾಗಿಲಿಗೆ ಇಡ್ತೀನ್ರಿ. ಒಳಗ ಚಿಲಕ ಇಲ್ಲ. ಕಲ್ಲಿಗೆ ಬೆನ್ನು ಕೊಟ್ಟು ಕುಂದರ್ತೀನಿ, ನಿದ್ದಿ ಎಲ್ಲೀದ್ರಿ."

ಕಂಟ್ರಾಕ್ಟರ್ ಗೋದಾಮಿಗೆ ಮಾಡುವಂತೆ ಎಲ್ಲ ಬಾಗಿಲಿಗೂ ಹೊರಗಡೆ ಮಾತ್ರ ಚಿಲಕ ಹಾಕಿದ್ದ. ಆ ಸಾಲಿನಲ್ಲಿ ಗಂಡಸರು ಸತ್ತ, ಇಲ್ಲವೇ ಜೈಲು ಸೇರಿದ ಮನೆಗಳೇ ಹೆಚ್ಚು. ಒಳಗೆ ಮಲಗುವ ಹೆಂಗಸರ ಯೋಚನೆ ಯಾರಿಗೂ ಬಂದಿರಲಿಲ್ಲ.

"ಭವನ ಆಮೇಲೆ. ಮೊದ್ಲು ಚಿಲಕ," ಎಂದು ಮೇಡಂ ವಾಪಸ್ ಬಂದು ಸಭೆಗೆ ಹೇಳಿಯೇಬಿಟ್ಟರು. ಊರ ಹಿರಿಯರು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ, ನಮಗೇನು!

ಮುಂದಿನ ವಾರ ಮಾರೇನಹಳ್ಳಿಯ ಇದೇ ಅಂಗಡಿಯಲ್ಲಿ ಮೇಡಂ ಒಂದೊಂದು ಚಿಲಕವನ್ನೂ ಎಳೆದು ನೋಡಿ ಚೀಲ ತುಂಬಿದರು. ಆ ಊರಿಗೆ ಹೋಗುವ ಬಸ್ಸಿನಲ್ಲಿ ನಾನು ತೂಕಡಿಸಿದಾಗಲೆಲ್ಲ "ಏಳೇ, ಚೀಲ ನೋಡ್ಕೋ" ಎಂದು ತಿವಿಯುತ್ತಿದ್ದರು. ಎಷ್ಟು ಬೈದುಕೊಂಡಿದ್ದೆನೋ...

ಬಡಗಿ ಮೊದಲ ಚಿಲಕವನ್ನು ಆ ವಿಧವೆಯ ಬಾಗಿಲಿಗೇ ಕೂರಿಸಿದ. "ಹಾಕಿ ನೋಡಮ್ಮಾ," ಎಂದರು ಮೇಡಂ. ತಾಯಿ ಮಗಳು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ನಾವು ಹೊರಗೆ ಕಾದೆವು... ಕಾದೇ ಕಾದೆವು. ಬಾಗಿಲು ತೆರೆಯಲಿಲ್ಲ. ನಾನು ತಟ್ಟಲು ಹೋದೆ. ಮೇಡಂ ಕೈ ಹಿಡಿದುಕೊಂಡರು.

"ತಟ್ಬೇಡ ಕಣೇ. ಮಲಗಿರ್ಬೇಕು."

ಮಟಮಟ ಮಧ್ಯಾಹ್ನ. ಒಳಗಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ನನಗೆ ಅಳು ಬಂತು. ಮೇಡಂ ಅಳಲಿಲ್ಲ, ಪಕ್ಕದ ಬಾಗಿಲಿಗೆ ನಡೆಯುವಂತೆ ಬಡಗಿಗೆ ಸನ್ನೆ ಮಾಡಿದರು.

ಅವರು ತೀರಿಕೊಂಡು ವರ್ಷಗಳಾದವು. ಅಂತಿಮ ದರ್ಶನಕ್ಕೆ ಹೋಗಿದ್ದೆ, ಅತ್ತಿದ್ದೆ. ಆದರೂ ಅವರಿಲ್ಲವೆಂಬುದು ನನಗೆ ಪೂರ್ತಿ ತಿಳಿದದ್ದು ಮೊನ್ನೆಯೇ. ಹೊಸ ಚಿಲಕ ಹಾಕಿಕೊಂಡು ಮಧ್ಯಾಹ್ನ ಮಲಗಿದೆ. ಗಟ್ಟಿ ಚಿಲಕ, ಒಳ್ಳೆಯ ನಿದ್ದೆ ಬಂತು. "ಏಳೇ" ಎಂದು ತಿವಿಯಲು ಯಾರೂ ಇರಲಿಲ್ಲ.