ಸಿರಾಜುದ್ದೀನ್ ಸರ್ ಹತ್ತದ ಬಸ್ಸು

ಬಸವಕಲ್ಯಾಣದ ಆ ಸಣ್ಣ ಕಲಾ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸಿರಾಜುದ್ದೀನ್ ಸರ್ ಅವರಿಗೆ ಪಾಠಕ್ಕಿಂತ ಸುದ್ದಿಯ ಮೇಲೆ ಪ್ರೀತಿ ಒಂದು ಗುಲಗಂಜಿ ಹೆಚ್ಚು. ಗೇಟು ದಾಟಿದರೆ ಎಡಕ್ಕೊಂದು ಕರಿಹಲಗೆ. ಅದರ ನೆತ್ತಿಯ ಮೇಲೆ ‘ನಮ್ಮ ಹಳೆಯ ವಿದ್ಯಾರ್ಥಿಗಳು’ ಎಂಬ ಬರಹ. ಯಾರಿಗೆ ಮಾಸ್ತರಿಕೆ ಸಿಕ್ಕಿತು, ಯಾರು ಪಿಎಚ್‌ಡಿ ಮುಗಿಸಿದರು, ಯಾರು ಪಂಚಾಯಿತಿ ಅಧ್ಯಕ್ಷೆಯಾದರು, ಎಲ್ಲವೂ ಸರ್ ಅವರ ದುಂಡನೆಯ ಅಕ್ಷರದಲ್ಲಿ ಅಲ್ಲಿ ಏರುತ್ತಿತ್ತು. ಕಾಲೇಜಿಗೆ ದೊಡ್ಡ ಕಟ್ಟಡವಿಲ್ಲ, ವಿಜ್ಞಾನ ವಿಭಾಗವಿಲ್ಲ, ಸಿರಿವಂತರ ಮಕ್ಕಳು ಇತ್ತ ತಲೆ ಹಾಕಿಯೂ ಮಲಗುವುದಿಲ್ಲ. ಬಿಎ ಮಾಡಿ ಏನು ಮಾಡುತ್ತಾರೆ ಎಂದು ಮೂಗು ಮುರಿಯುವವರನ್ನು ಸರ್ ಸೀದಾ ಆ ಹಲಗೆಯ ಮುಂದೆ ತಂದು ನಿಲ್ಲಿಸುತ್ತಿದ್ದರು.

ಬರೆದು ಸುಮ್ಮನಾಗುವ ಜೀವವೂ ಅಲ್ಲ. ಹೆಸರು ಹಲಗೆಗೆ ಏರಿತೆಂದರೆ ಒಂದು ಹಾರ, ಒಂದು ಡಬ್ಬಿ ಪೇಡೆ ಹಿಡಿದು ಆ ಹುಡುಗನ ಊರಿಗೇ ಹೋಗಿ, ಕಟ್ಟೆಯ ಮುಂದೆ ಜನ ಸೇರಿಸಿ ನಾಲ್ಕು ಮಾತಾಡಿ ಬರುವುದು ಅವರ ಪದ್ಧತಿ. ಮನೆಯಲ್ಲಿ ಹೆಂಡತಿ ಹಜಿರಾ ಬೀ ಛೇಡಿಸುತ್ತಿದ್ದರು: “ಮಂದಿ ಮಕ್ಕಳ ಮೆರವಣಿಗಿ ಮಾಡೂದ್ರಾಗೇ ನಿಮ್ಮ ಉಮರ್ ಮುಗೀತದ ನೋಡ್ರಿ.”

ಆರು ವರ್ಷದ ಹಿಂದೆ ಮೋರಖಂಡಿಯ ಅಜೀತನ ಸುದ್ದಿ ಬಂತು. ಕೂಲಿ ಮಾಡಿ ಓದಿಸಿದ ಸುಂದರಬಾಯಿಯ ಒಬ್ಬನೇ ಮಗ, ಸರ್ ಅವರ ನೆಚ್ಚಿನ ಶಿಷ್ಯ. ಸಹಕಾರ ಇಲಾಖೆಯ ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾದವರಲ್ಲಿ ಅವನ ಹೆಸರಿತ್ತು. ಆದರೆ ಅದು ತಾತ್ಕಾಲಿಕ ಪಟ್ಟಿ. ತಕರಾರುಗಳೆಲ್ಲ ಮುಗಿದ ಮೇಲೆ ಅಂತಿಮ ಪಟ್ಟಿ ಬರಬೇಕು. ಅಜೀತ ಫೋನಿನಲ್ಲಿ ಅದನ್ನೇ ಹೇಳಿದ.

“ಸರ್, ಇನ್ನಾ ಪಕ್ಕಾ ಆಗಿಲ್ರಿ. ಹಲಗಿ ಮ್ಯಾಲ ಈಗೇ ಬರೀಬ್ಯಾಡ್ರಿ.”

“ಅರೆ, ಹೆಸರು ಬಂದದ ಅಂದ್ರ ಬಂದದ. ಅದ್ರಾಗ ಇನ್ನ ಪಕ್ಕಾ ಆಗೂದು ಏನದ?”

ಖುಷಿಯಾದರೆ ಸರ್ ಅವರಿಗೆ ಕಿವಿ ಕೇಳಿಸುವುದಿಲ್ಲ. ಅಂದೇ ಹೆಸರು ಹಲಗೆಗೆ ಏರಿತು, ಮರುದಿನವೇ ಮೋರಖಂಡಿಯಲ್ಲಿ ಗುಲಾಲು ಹಾರಿತು. ಅಜೀತನ ಕೊರಳಿಗೆ ಹಾರ ಹಾಕಿ, “ಇವತ್ತಿನಿಂದ ಇವ ನಿಮ್ಮ ಓಣಿ ಸಾಹೇಬ” ಎಂದು ಎಲ್ಲರಿಗೂ ಕೇಳುವಂತೆ ಸಾರಿದರು. ಸುಂದರಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಜೀತ ಮಾತ್ರ ನೆಲ ನೋಡುತ್ತ ನಿಂತಿದ್ದ. ಹುಡುಗನಿಗೆ ನಾಚಿಕೆ ಎಂದುಕೊಂಡರು ಸರ್.

ಅಂತಿಮ ಪಟ್ಟಿಯಲ್ಲಿ ಅಜೀತನ ಹೆಸರು ಇರಲಿಲ್ಲ.

ಹಲಗೆಯ ಮೇಲಿನ ಆ ಸಾಲನ್ನು ಸರ್ ತಾವೇ ಒರೆಸಿದರು. ಮೋರಖಂಡಿಗೆ ಹೋಗಬೇಕು ಅನ್ನಿಸಿತು. ಹೋಗಿ ಏನು ಹೇಳುವುದು? ಇವತ್ತು ಬೇಡ, ನಾಳೆ. ನಾಳೆ ಪರೀಕ್ಷೆಯ ಡ್ಯೂಟಿ. ಆಮೇಲೆ ರಂಜಾನ್. ಒಳ್ಳೆಯ ಸುದ್ದಿಗೆ ಓಡೋಡಿ ಹೋಗುವ ಮನುಷ್ಯನಿಗೆ ಕೆಟ್ಟ ಸುದ್ದಿಗೆ ಕಾಲೇ ಏಳಲಿಲ್ಲ. ಫೋನನ್ನೂ ಮಾಡಲಿಲ್ಲ. ಅಜೀತ ಊರು ಬಿಟ್ಟನೆಂದು ಯಾರೋ ಹೇಳಿದರು; ಯಾಕೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಮೋರಖಂಡಿಯವರು ಯಾರಾದರೂ ಪೇಟೆಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಹೇಡಿತನವೆಂದು ಅವರಿಗೇ ಗೊತ್ತಿತ್ತು, ಆದರೂ ದಾಟುತ್ತಿದ್ದರು.

ಈ ವರ್ಷ ಕಾಲೇಜಿಗೆ ಬೆಳ್ಳಿಹಬ್ಬ, ಅದರ ಬೆನ್ನಿಗೇ ಸರ್ ಅವರ ನಿವೃತ್ತಿ. ಅಜೀತ ಹುಮನಾಬಾದಿನಲ್ಲಿ ಬಡವರ ಮಕ್ಕಳಿಗೆ ನೌಕರಿ ಪರೀಕ್ಷೆಗಳ ಪಾಠ ಹೇಳುತ್ತಾನೆ, ಅವನ ಕೈಕೆಳಗೆ ಓದಿದವರು ಪೊಲೀಸು, ಕಂದಾಯ ಎಂದು ಕೆಲಸ ಹಿಡಿದಿದ್ದಾರೆ ಎಂಬ ಸುದ್ದಿ ಪ್ರಿನ್ಸಿಪಾಲರ ಕಿವಿಗೆ ಬಿತ್ತು. ವೇದಿಕೆಯ ಮೇಲೆ ಸನ್ಮಾನ ಮಾಡೋಣ, ನೀವೇ ಕರೆದುಕೊಂಡು ಬನ್ನಿ ಎಂದರು. ಸರ್ ಅವರ ಎದೆ ಹಗುರಾಯಿತು. ಅವನೊಮ್ಮೆ ಬಂದು ವೇದಿಕೆ ಹತ್ತಿದರೆ ಹಳೆಯದೆಲ್ಲ ತೊಳೆದುಹೋಗುತ್ತದೆ, ತಾನು ನೆಮ್ಮದಿಯಿಂದ ಮನೆಗೆ ಹೋಗಬಹುದು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ, ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು ನಡೆದಿತ್ತು. ಸರ್ ಅವರನ್ನು ಕಂಡದ್ದೇ ಅಜೀತ ಪಾಠ ನಿಲ್ಲಿಸಿ ಬಂದು ಕಾಲು ಮುಟ್ಟಿದ. ಹೊರಗೆ ಕುರ್ಚಿ ಹಾಕಿಸಿ ಚಹಾ ತರಿಸಿದ. ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲದ್ದರಿಂದ ಸರ್ ಅವರಿಗೆ ಧೈರ್ಯ ಬಂತು.

“ನಿನ್ನ ಹೆಸರು ಬರ್ಯಾಕ ನಾ ಅವಸರ ಮಾಡ್ದೆ, ಅಜೀತ. ಗಲತಿ ನಂದೇ. ಈ ಸಲ ಕಾಲೇಜಿನ ಬೆಳ್ಳಿಹಬ್ಬಕ್ಕ ನನ್ನ ಸಲುವಾಗಿ ಬಾ.”

“ಹೆಸರು ಬರ್ದದ್ದು ಏನ್ ತಪ್ಪಲ್ರಿ ಸರ್, ಖುಷೀಲೆ ಬರ್ದ್ರಿ. ಆದ್ರ ಆಮ್ಯಾಲ ಊರಾಗ ಎಲ್ಲಾರೂ ನಾ ಝೂಟ್ ಹೇಳೇನಿ ಅಂದ್ರು. ನೌಕರಿ ಬಂದದಂತ ಮಾಸ್ತರಿಗೂ ಸುಳ್ಳು ಹೇಳಿ ಹಾರ ಹಾಕ್ಸಕೊಂಡಾನ ಅಂತ ಅವ್ವನ ಮಾರಿ ಮ್ಯಾಲೇ ಅಂದ್ರು.”

ಸರ್ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು.

“ಅವ್ವ ಎಲ್ಲಾರಿಗೂ ಒಂದೇ ಮಾತು ಹೇಳ್ತಿದ್ಲು. ನನ್ನ ಮಗ ಬ್ಯಾಡಂದಿದ್ದ, ತಡೀರಿ, ಸರ್ ಬಂದು ಹೇಳ್ತಾರ ಅಂತ. ಕಲ್ಯಾಣದ ಬಸ್ ಬಂದಾಗೊಮ್ಮೆ ಕೆಲಸ ಬಿಟ್ಟು ಬಾಗಿಲಿಗೆ ಬರ್ತಿದ್ಲು.”

“ನಾಳೇನೇ ಹೋಗ್ತೀನಿ. ಕಟ್ಟಿ ಮುಂದ ನಿಂತು ಎಲ್ಲಾರಿಗೂ ಹೇಳ್ತೀನಿ. ನಿಮ್ಮವ್ವನ ಮುಂದ ಮಾಫಿ ಕೇಳ್ತೀನಿ.”

ಅಜೀತ ಕೆಳಗಿದ್ದ ಕಪ್ಪನ್ನು ಎತ್ತಿಕೊಂಡ.

“ಅವ್ವ ಹೋಗಿ ಎರಡು ವರ್ಷ ಆತ್ರಿ, ಸರ್.”

ಒಳಗೆ ಮಕ್ಕಳು ಕಾಯುತ್ತಿದ್ದರು. ಆದರೂ ಅವನು ಸರ್ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದ, ಬಸ್ ಸ್ಟ್ಯಾಂಡಿನವರೆಗೂ ಬಂದು ಸೀಟು ಹಿಡಿದು ಕೊಟ್ಟ. “ನಾ ಬರಂಗಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ” ಎಂದ. ಬಸ್ಸು ಹೊರಟ ಮೇಲೆ ಸಿರಾಜುದ್ದೀನ್ ಸರ್ ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಅತ್ತರು. ಬಸವಕಲ್ಯಾಣದಿಂದ ಮೋರಖಂಡಿಗೆ ದಿನವೂ ಬಸ್ಸು ಹೋಗುತ್ತಿತ್ತು. ಸುಂದರಬಾಯಿ ಬಾಗಿಲಿಗೆ ಬಂದು ನೋಡಿದ ಅಷ್ಟು ಬಸ್ಸುಗಳಲ್ಲಿ ಒಂದನ್ನಾದರೂ ಅವರು ಹತ್ತಬಹುದಿತ್ತು.