ಹಿತ್ತಿಲ ಕಿಟಕಿಯಲ್ಲಿ ನಿಂತು ನಾನು ಆಡಿದ ಮಾತು

ನನ್ನ ತಂಗಿ ಪರ್ವೀನಾ ಪರೀಕ್ಷೆಯಲ್ಲಿ ಕಾಪಿ ಹೊಡೆಯಲಿಲ್ಲ. ಹೊಡೆದಂತೆ ಕಾಣುವ ಹಾಗೆ ಮಾಡಿದವನು ನಾನು. ತಿಳಿಯದೆ ಮಾಡಿದ್ದಲ್ಲ, ಒಂದು ಗಳಿಗೆಯ ಸಿಟ್ಟೂ ಅಲ್ಲ — ಮೂರು ವಾರ ಮನಸ್ಸಿನಲ್ಲಿಟ್ಟುಕೊಂಡು, ಹೊತ್ತು ನೋಡಿ ಮಾಡಿದೆ. ಆಮೇಲೆ, ಅವಳೇ ನನ್ನಿಂದ ಹಾಗೆ ಮಾಡಿಸಿದಳು ಎಂದು ಮನೆಯಲ್ಲಿ ಹೇಳಿದೆ. ನಾಲ್ಕು ವರ್ಷ ಆ ಮಾತಿನ ಮೇಲೆ ಕೂತು ನೆಮ್ಮದಿಯಾಗಿ ಉಂಡೆ.

ಇದನ್ನು ಓದಿ ನೀವು ನನ್ನನ್ನು ಕ್ಷಮಿಸಬೇಕಾಗಿಲ್ಲ. ನಿಮ್ಮ ಕ್ಷಮೆ ತೆಗೆದುಕೊಂಡು ನಾನೇನು ಮಾಡಲಿ — ನಾನು ಕೆಡಿಸಿದ್ದು ನಿಮ್ಮದನ್ನಲ್ಲ.

ನಮ್ಮದು ಕುರುಗೋಡು. ನಾವು ನದಾಫರು, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮನೆಯ ಮುಂದೆ ತಗಡಿನ ಶೆಡ್ಡು, ಅದರಲ್ಲಿ ಹಿಂಜುವ ಮಷಿನ್. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಅದರ ಬಾಯಿಗೆ ಕೊಟ್ಟು, ಹಿಂಜಿ ಬಂದದ್ದನ್ನು ಮತ್ತೆ ತುಂಬಿ ದಬ್ಬಣದಿಂದ ಹೊಲಿಯುವುದು ನನ್ನ ಕೆಲಸ. ಆ ಮಷಿನಿನ ಹಲ್ಲಿಗೆ ಸಿಕ್ಕು ನಮ್ಮಪ್ಪನ ಬಲಗೈಯ ಮೂರು ಬೆರಳು ಹೋದವು. ಅವತ್ತಿನಿಂದ ಮಷಿನಿನ ಮುಂದೆ ಕೂತವನು ನಾನು. ಇಲ್ಲಿಯವರೆಗೆ ಹೇಳಿದ್ದು ನಿಜ.

ಇನ್ನು ಸುಳ್ಳು. ಅಪ್ಪನ ಕೈ ಹೋದಾಗ, ತಂಗಿಯ ಓದು ನಿಲ್ಲಬಾರದೆಂದು ನಾನು ನನ್ನ ಓದು ಬಿಟ್ಟೆ — ಇದು ನಮ್ಮ ಮನೆಯ ಕಥೆ. ನಾನು ಶಾಲೆ ಬಿಟ್ಟದ್ದು ಅದಕ್ಕೂ ಎರಡು ವರ್ಷ ಮೊದಲು, ಆರನೇ ಕ್ಲಾಸಿನಲ್ಲಿ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲರೆದುರು ನಿಂತು ಬಾಯಿ ಬಿಡುವುದು ಅವಮಾನ ಅನ್ನಿಸುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟು ಕಾಲುವೆ ದಂಡೆಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದೆ. ಅಪ್ಪ ಬಡಿದು ನೋಡಿದ, ಬೈದು ನೋಡಿದ, ಬಿಟ್ಟುಬಿಟ್ಟ. ಆಮೇಲೆ ಅವನ ಕೈ ಹೋಯಿತು, ನಾನು ಮಷಿನಿಗೆ ಕೂತೆ, ಮಂದಿ ತಾವಾಗಿಯೇ ಅಂದರು — ಪಾಪ, ಮನೆಯ ಸಲುವಾಗಿ ಹುಡುಗ ಸಾಲಿ ಬಿಟ್ಟ. ನಾನು ಅಲ್ಲ ಅನ್ನಲಿಲ್ಲ. ಅಷ್ಟೇ ಮಾಡಿದ್ದು. ಅಲ್ಲ ಅನ್ನಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಕಥೆ ಪೂರ್ತಿ ನನ್ನದಾಯಿತು. ಅವ್ವನಿಗೆ ಗೊತ್ತಿತ್ತು, ಆದರೆ ಹತ್ತು ಜನಕ್ಕೆ ಹೇಳುತ್ತ ಹೇಳುತ್ತ ಅವಳೂ ಅದನ್ನು ನಂಬಿದಳು. ಆ ಕಥೆಯ ಮೇಲೆಯೇ ಸಿರುಗುಪ್ಪದ ನನ್ನ ಮಾವ ನನಗೆ ಮಗಳನ್ನು ಕೊಟ್ಟ. ಪರ್ವೀನಾ ಎದುರು ಮಾತಾಡಿದಾಗಲೆಲ್ಲ ನಾನು ಅದನ್ನೇ ಎತ್ತುತ್ತಿದ್ದೆ: "ನಿನ್ನ ಸಲುವಾಗಿ ಸಾಲಿ ಬಿಟ್ಟಾವ ಅದೀನಿ ನಾನು, ನೆನಪಿರ್ಲಿ." ಅವಳು ತಲೆ ತಗ್ಗಿಸುತ್ತಿದ್ದಳು. ನನಗೆ ಅದು ಬೇಕಾಗಿತ್ತು.

ಪಿಯುಸಿ ಮುಗಿಸಿ ಮನೆಯಲ್ಲಿದ್ದ ಅವಳು ಬಳ್ಳಾರಿಯ ಒಂದು ಕಾಲೇಜಿನ ಸುದ್ದಿ ತಂದಳು. ಇತಿಹಾಸದ ಮೊದಲ ಪಾಠಗಳನ್ನು ಆನ್‌ಲೈನಿನಲ್ಲಿ ಹೇಳಿಕೊಡುತ್ತಾರೆ, ಮನೆಯಲ್ಲೇ ಕೂತು ಫೋನಿನಲ್ಲಿ ಕಲಿಯಬಹುದು, ಪರೀಕ್ಷೆಯೂ ಫೋನಿನಲ್ಲೇ, ಅದರಲ್ಲಿ ಪಾಸಾದರೆ ಮುಂದಿನ ವರ್ಷ ಬಳ್ಳಾರಿಗೆ ಹೋಗಿ ಡಿಗ್ರಿ ಓದಬಹುದು ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ ತೀರ್ಪು ಕೊಟ್ಟೆ: "ಪಾಸಾದ್ರ ಬಳ್ಳಾರಿಗೆ ಹೋಗು. ಆಗ್ಲಿಲ್ಲಾಂದ್ರ ಓದಿನ ಮಾತು ಈ ಮನ್ಯಾಗ ಎತ್ತಬಾರ್ದು."

ಮೊದಲ ದಿನಗಳು ಚೆನ್ನಾಗಿಯೇ ಇದ್ದವು, ಅದನ್ನೂ ಹೇಳಬೇಕು. ಯಾರು ಏನೇ ಹೇಳಲಿ, ಅದು ನಿಮಗೆ ಹೇಗೆ ಗೊತ್ತು ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ — ಪಾಠದ ಮೇಡಂ ಹಾಗೆ ಹೇಳಿದ್ದರಂತೆ. ಅವತ್ತಿನಿಂದ ಇವಳಿಗೆ ಅದೇ ಹುಚ್ಚು. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವ್ವ ಅಂದರೆ, "ಹೆಂಗ ಗೊತ್ತು?" ಅನ್ನುವಳು. "ನಾಲಿಗಿ ಐತಲ್ಲ, ಅದು ಹೇಳ್ತೈತಿ. ನಿಂಗೂ ಐತಿ, ಮಾತಾಡಾಕಷ್ಟ ಇಟ್ಕೊಂಡಿ!" ಎಂದು ಅವ್ವ ಸೌಟು ಎತ್ತುವಳು. ಒಂದು ದಿನ ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡಕ್ಕೆ ಹೋಗಿ ಬಂದು, "ಅಣ್ಣಾ, ಸಾವಿರಾರು ವರ್ಷದ ಹಿಂದ ಅಲ್ಲಿ ಮಂದಿ ಬಂಡೆಗಲ್ಲಿಗೆ ಕಲ್ಲು ತಿಕ್ಕಿ ಕೊಡ್ಲಿ ಮಾಡ್ತಿದ್ರಂತ, ತಿಕ್ಕಿದ ಗೆರಿ ಇನ್ನೂ ಅದಾವು, ಕೈಯಿಟ್ಟು ನೋಡಿ ಬಂದೆ" ಎಂದಳು. "ಗಾದಿ ಹೊಲಿತಿದ್ರೇನು ಕೇಳು ನಿಮ್ಮ ಮೇಡಂನ" ಎಂದೆ. ಇಬ್ಬರೂ ನಕ್ಕೆವು. ಅದೇ ಕೊನೆ ಇರಬೇಕು, ನಾವಿಬ್ಬರೂ ಸೇರಿ ನಕ್ಕದ್ದು.

ಆಮೇಲೆ ಮೇಡಂ ಒಂದು ಕೆಲಸ ಕೊಟ್ಟರು: ನಿಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಒಂದು ಸಂಗತಿ ತೆಗೆದುಕೊಂಡು, ಅದಕ್ಕೆ ಒಂದು ಬರಹದ ಪುರಾವೆ ಹುಡುಕಿ. ಇವಳು ನನ್ನ ಕಥೆಯನ್ನೇ ತೆಗೆದುಕೊಂಡಳು. ಯಾಕೆಂದು ಈಗ ಯೋಚಿಸಿದರೆ — ಅದು ಅವಳಿಗೆ ಹೆಮ್ಮೆಯ ಕಥೆಯಾಗಿತ್ತು. ಪುರಾವೆ ಸಿಕ್ಕರೆ ಇನ್ನಷ್ಟು ಹೆಮ್ಮೆ ಎಂದುಕೊಂಡು ನನ್ನ ಹಳೆಯ ಶಾಲೆಗೆ ಹೋಗಿ ರಿಜಿಸ್ಟರ್ ತೆಗೆಸಿ ನೋಡಿದ್ದಳು. ಮನೆಗೆ ಬಂದು ಏನೂ ಹೇಳಲಿಲ್ಲ. ಎರಡು ದಿನ ನನ್ನ ಮುಖ ನೋಡಲಿಲ್ಲ, ಅಷ್ಟೆ.

ಅವಳು ಅದನ್ನು ಪಾಠದಲ್ಲಿ ಓದಿ ಹೇಳಿದ ದಿನ ಸಿರುಗುಪ್ಪದಿಂದ ಮಾವ ಬಂದಿದ್ದ. ಅಕ್ಕಿ ಮಿಲ್ಲಿನಲ್ಲಿ ಹಮಾಲರ ಮೇಸ್ತ್ರಿ, ದೊಡ್ಡ ಗಂಟಲಿನ ಮನುಷ್ಯ. ನಾವಿಬ್ಬರೂ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಒಳಕೋಣೆಯಿಂದ ಅವಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು: "ನನ್ನ ಓದಿಗಾಗಿ ಅಣ್ಣ ಶಾಲೆ ಬಿಟ್ಟ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಶಾಲೆಯ ರಿಜಿಸ್ಟರಿನ ಪ್ರಕಾರ ಅವನು ಬಿಟ್ಟದ್ದು ಅಪ್ಪನ ಕೈಗೆ ಪೆಟ್ಟಾಗುವ ಎರಡು ವರ್ಷ ಮೊದಲು. ಕಾರಣ, ಸತತ ಗೈರುಹಾಜರಿ ಎಂದು ಬರೆದಿದೆ. ಆಗ ನನಗೆ ನಾಲ್ಕು ವರ್ಷ." ಮುಂದೆ ಇನ್ನೂ ಏನೋ ಓದಿದಳು. ಮಾವನ ನಗುವಿನಲ್ಲಿ ಅದು ಮುಚ್ಚಿಹೋಯಿತು. ಏನು ಓದಿದಳೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

"ಏನ್ರಿ ಅಳಿಯಂದ್ರ! ತಂಗಿ ಸಲುವಾಗಿ ಸಾಲಿ ಬಿಟ್ಟ ಹುಡುಗ ಅಂತ ಸಿರುಗುಪ್ಪದಾಗೆಲ್ಲ ಡಂಗುರ ಹೊಡದೀನಲ್ರಿ ನಾನು. ತಂಗಿ ಆಗಿನ್ನ ಚಡ್ಡಿ ಹಾಕ್ಕೊಳ್ಳಾಕ ಕಲ್ತಿರ್ಲಿಲ್ಲಂತಲ್ರಿ!"

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. ಅವಳೂ ನಕ್ಕಳೋ ಇಲ್ಲವೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಎದ್ದುಹೋಗಿ ಮಷಿನ್ ಹಾಕಿದೆ. ಹಿಂಜಲು ಹತ್ತಿ ಇರಲಿಲ್ಲ. ಬರಿಯ ಮಷಿನ್ ತಿರುಗಿತು.

ಮರುದಿನದಿಂದ ಅವಳ ಪಾಠದ ಹೊತ್ತಿಗೆ ಸರಿಯಾಗಿ ಮಷಿನ್ ಹಾಕತೊಡಗಿದೆ. ಅವಳು ಸೆರಗು ತಲೆಗೆ ಸುತ್ತಿಕೊಂಡು, ಫೋನು ಕಿವಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಒಮ್ಮೆಯೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ — ಬಂದಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ. ತಪ್ಪನ್ನು ಅವಳ ಮೌನದ ಮೇಲೆ ಹಾಕುವುದು ಬೇಡ.

ಪರೀಕ್ಷೆಯ ಹಿಂದಿನ ದಿನ ಅವಳು ಎಲ್ಲರನ್ನೂ ಕೂರಿಸಿ ನಿಯಮ ಹೇಳಿದಳು. ಒಂದು ತಾಸು. ಕೋಣೆಯಲ್ಲಿ ಅವಳೊಬ್ಬಳೇ ಇರಬೇಕು. ಎದುರಿಗಿಟ್ಟ ಫೋನಿನ ಕ್ಯಾಮೆರಾದಲ್ಲಿ ಕಾಲೇಜಿನವರೊಬ್ಬರು ನೋಡುತ್ತಿರುತ್ತಾರೆ, ಹಾಳೆಯ ಮೇಲೆ ಬರೆದು ಕೊನೆಗೆ ಫೋಟೋ ತೆಗೆದು ಕಳಿಸಬೇಕು. ಇನ್ನೊಬ್ಬರ ದನಿ ಕೇಳಿದರೆ ಪರೀಕ್ಷೆ ಅಲ್ಲಿಗೇ ರದ್ದು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ಒಂದ್ ತಾಸು ಮಷಿನ್ ಬಂದ್ ಮಾಡು. ಅಷ್ಟ ಸಾಕು" ಎಂದಳು. "ಆತು" ಎಂದೆ. ಕಲ್ಲು ಎಲ್ಲಿಗೆ ಎಸೆದರೆ ಅವಳ ಪರೀಕ್ಷೆ ಒಡೆಯುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಅವಳೇ.

ಮರುದಿನ ಮಷಿನ್ ಬಂದ್ ಮಾಡಿದೆ. ಹೆಂಡತಿ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅವ್ವ ಬಾಗಿಲ ಮುಂದೆ ಕಾವಲು ಕೂತಳು, ಬೆಕ್ಕು ಬಂದರೂ ಸೆರಗು ಬೀಸಿ ಓಡಿಸುತ್ತಿದ್ದಳು. ನಾನು ಹಿತ್ತಿಲಿಗೆ ಹೋದೆ. ಆ ಕೋಣೆಗೆ ಹಿತ್ತಿಲ ಕಡೆ ಒಂದು ಸಣ್ಣ ಕಿಟಕಿ ಇದೆ. ಒಳಗೆ ಅವಳು ಬಗ್ಗಿ ಬರೆಯುತ್ತಿದ್ದಳು, ಎಡಗೈಯಿಂದ ಹಾಳೆ ಒತ್ತಿ ಹಿಡಿದು. ಒಂದು ಪುಟ ತುಂಬಿತ್ತು. ಅವಳು ಹಾಳೆ ತಿರುಗಿಸುವ ತನಕ ಕಾದೆ. ಆಮೇಲೆ, ಫೋನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಮೂರನೇದು ಬಿಡು. ಎರಡನೇದರ ಉತ್ತರ ಹೇಳ್ತೀನಿ, ಬರ್ಕೋ."

ಅವಳು ತಲೆಯೆತ್ತಿದಳು. ಫೋನಿನಿಂದ ಗಂಡಸಿನ ದನಿ ಬಂತು: "ಯಾರಮ್ಮ ಅಲ್ಲಿ?"

"ನಮ್ಮಣ್ಣ ರೀ ಸರ್. ಅವಗೇನೂ ಗೊತ್ತಿಲ್ರಿ. ಆರನೇ ಕ್ಲಾಸಿಗೇ ಸಾಲಿ ಬಿಟ್ಟಾನ್ರಿ ಅವ. ಸರ್, ಕೇಳ್ರಿ ಸರ್ —"

ಫೋನು ಸುಮ್ಮನಾಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಸರ್, ಸರ್ ಅನ್ನುತ್ತಲೇ ಇದ್ದಳು. ಅವಗೇನೂ ಗೊತ್ತಿಲ್ಲ ಎಂದಳಲ್ಲ — ಆ ಹೊತ್ತಿನಲ್ಲೂ ನನಗೆ ನೋವಾದದ್ದು ಆ ಮಾತಿಗೆ. ಅವಳಿಗಾಗಿ ಅಲ್ಲ.

ಕಾಲೇಜಿನವರು ಒಂದು ದಾರಿ ಬಿಟ್ಟಿದ್ದರು. ಮಾತಾಡಿದವರು ಬಂದು, ಉತ್ತರ ಹೇಳಿಕೊಟ್ಟಿಲ್ಲ ಎಂದು ಬರೆದುಕೊಟ್ಟರೆ ಇನ್ನೊಮ್ಮೆ ಕೂರಿಸುತ್ತೇವೆ ಎಂದರು. ಪರ್ವೀನಾ ಶೆಡ್ಡಿಗೆ ಬಂದು, ಹತ್ತಿಯ ಧೂಳಿನಲ್ಲಿ ನಿಂತು ಕೇಳಿದಳು. "ಯಾಕ ಮಾಡಿದಿ" ಎಂದು ಕೇಳಲಿಲ್ಲ. "ಬರ್ತಿಯೇನು" ಎಂದಷ್ಟೇ ಕೇಳಿದಳು.

"ಸಾಲಿ ಬಿಟ್ಟಾವನ ಮಾತು ಯಾರು ನಂಬ್ತಾರ್ಲೇ? ರಿಜಿಸ್ಟರ್ ಐತೆಲ್ಲ, ಅದನ್ನ ಕರ್ಕೊಂಡು ಹೋಗು."

ಎರಡನೇ ಸಲ ಕೇಳಲಿಲ್ಲ ಅವಳು.

ಅದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಅವ್ವ ನನ್ನನ್ನು ಹಿಡಿದು ನಿಲ್ಲಿಸಿ, ಕಿಟಕಿಗೆ ಯಾಕೆ ಹೋದೆ ಎಂದು ಕೇಳಿದಳು. ನಾನು ನಿಂತ ನಿಲುವಿನಲ್ಲಿ ಹೇಳಿದೆ: "ತಾನ ಚೀಟಿ ಕೊಟ್ಟು ಓದಿ ಹೇಳು ಅಂದಿದ್ಲು ಆಕಿ. ತಂಗಿ ಅಂತ ಹೋದೆ." ಅವ್ವ ನಂಬಿದಳು. ಯಾಕೆ ನಂಬಬಾರದು — ತಂಗಿಗಾಗಿ ಏನು ಬೇಕಾದರೂ ಮಾಡುವ ಅಣ್ಣನೆಂದು ನಾನು ಅದಾಗಲೇ ಹೆಸರು ಮಾಡಿದ್ದೆನಲ್ಲ. ಒಂದು ವಾರದಲ್ಲಿ ಓಣಿಗೆಲ್ಲ ಗೊತ್ತಾಯಿತು. ನೀರು ಹಿಡಿಯಲು ಹೋದರೆ, "ಏನವಾ, ಮನಿಯಾಗ ಕುಂತು ಕಾಪಿ ಹೊಡಿಯೂ ಕಾಲೇಜು ಎಲ್ಲಿ ಐತಿ, ನಮ್ಮ ಹುಡುಗ್ರಿಗೂ ಹೇಳವಾ" ಎಂದು ಅವಳನ್ನು ಕೆಣಕುತ್ತಿದ್ದರು. ನಾನು ಶೆಡ್ಡಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಆಗಲೂ ಅಲ್ಲ ಅನ್ನಲಿಲ್ಲ.

ಅವಳು ಬಳ್ಳಾರಿಗೆ ಹೋದಳು — ಓದಲಿಕ್ಕಲ್ಲ, ಜೀನ್ಸ್ ಪ್ಯಾಂಟ್ ಹೊಲಿಯುವ ಘಟಕಕ್ಕೆ. ಜೊತೆಗೆ ಹೊಲಿಯುವ ಇಬ್ಬರು ಹೆಂಗಸರೊಂದಿಗೆ ಒಂದು ಕೋಣೆ ಹಿಡಿದು ಅಲ್ಲೇ ಉಳಿದಳು. ಅವ್ವನೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆ, ನಾನು ಎತ್ತಿದರೆ ಇಡುತ್ತಾಳೆ.

ಈ ವರ್ಷ ರಂಜಾನ್ ಹಬ್ಬಕ್ಕೂ ಬರುವುದಿಲ್ಲ ಎಂದಳು. ನಾನು ಉಣ್ಣಲು ಕೂತಿದ್ದೆ. ಅವ್ವ ಫೋನಿನಲ್ಲಿ ಅವಳನ್ನು ಬೈಯುತ್ತಿದ್ದಳು: "ನಿಮ್ಮಣ್ಣ ನಿನ್ನ ಸಲುವಾಗಿ ಸಾಲಿ ಬಿಟ್ಟ, ನಿನ್ನ ಸಲುವಾಗಿ ಕಿಟಕಿಗೆ ಬಂದು ಹೆಸರು ಕೆಡಿಸ್ಕೊಂಡ. ಕಾಪಿ ಹೊಡದಾಕಿನೂ ನೀನ, ಸಿಟ್ಟು ಮಾಡಾಕಿನೂ ನೀನ!" ಎರಡು ಸುಳ್ಳನ್ನೂ ಒಂದೇ ಉಸಿರಿನಲ್ಲಿ ಕೇಳಿದೆ. ಎರಡೂ ನನ್ನವೇ. ಉಣ್ಣುವುದು ಬಿಟ್ಟು ತಟ್ಟೆ ಸರಿಸಿದೆ.

ಅವ್ವ ಫೋನು ಇಟ್ಟ ಮೇಲೆ ಹೇಳಿದೆ. ಎಲ್ಲವನ್ನೂ. ಅವಳು ಎದ್ದು ಬೀದಿ ಬಾಗಿಲು ಮುಚ್ಚಿ ಬಂದಳು. ಆಮೇಲೆ, "ಈಗ್ಯಾಕ ಹೇಳ್ತಿ? ಹೇಳಬ್ಯಾಡ. ನಿಮ್ಮ ಮಾವಗ ಗೊತ್ತಾದ್ರ ಏನಂತಾನ? ಆಕಿ ಹೆಂಗೂ ಅಲ್ಲೆ ಚಂದ ಅದಾಳ" ಎಂದಳು. ಒಂದು ಗಳಿಗೆ — ಒಂದೇ ಗಳಿಗೆ, ಆದರೂ ಹೇಳಬೇಕು — ನನಗೆ ಆ ಮಾತು ಹಿತವಾಗಿತ್ತು.

ಮರುದಿನ ಬಳ್ಳಾರಿಗೆ ಹೋದೆ. ಊಟದ ಬಿಡುವಿನಲ್ಲಿ ಘಟಕದ ಹೊರಗೆ ಬಂದಳು. ಕೈ ಬೆರಳು ಬಣ್ಣ ಹತ್ತಿ ನೀಲಿಯಾಗಿದ್ದವು. ನಾನು ಹೇಳುವುದನ್ನೆಲ್ಲ ನಿಂತೇ ಕೇಳಿದಳು.

"ಇದನ್ನ ನನಗ ಹೇಳಾಕ ಬಂದಿಯೇನು?" ಎಂದಳು. "ನಾ ಅಲ್ಲೇ ಇದ್ನೆಲ್ಲೋ ಅಣ್ಣ, ಆ ಕ್ವಾಣ್ಯಾಗ. ನನಗ ಗೊತ್ತಿಲ್ದಿದ್ದು ಏನ್ ಹೇಳ್ದಿ? ಕುರುಗೋಡಿಗೆ ಹೋಗಿ ಹೇಳು. ಯಾರ ಮುಂದ ಸುಳ್ಳು ಹೇಳಿದ್ಯೋ ಅವರ ಮುಂದ ಹೇಳು. ನನ್ನ ಮುಂದ ಅಳಬ್ಯಾಡ, ಬಿಡುವು ಮುಗೀತು ನಂದು."

ಒಳಗೆ ಹೋದಳು. ತಿರುಗಿ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಅವತ್ತಿನಿಂದ ಹೇಳುತ್ತಿದ್ದೇನೆ. ಹೆಂಡತಿಗೆ ಹೇಳಿದೆ, ಅವಳು ಈಗ ಅಗತ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಸಿರುಗುಪ್ಪಕ್ಕೆ ಹೋಗಿ ಮಾವನಿಗೆ ಹೇಳಿದೆ. ಈ ಸಲ ಅವನು ನಗಲಿಲ್ಲ. ಬಾದನಹಟ್ಟಿಯಲ್ಲಿ ಗಾದಿ ಹೊಲಿಯಲು ಹೋದ ಮನೆಯಲ್ಲಿ ಹೇಳಿದರೆ, "ಹಳೇ ಮಾತು ಬಿಡಪ್ಪ, ಹೊಲಿಗಿ ಬಿಗಿ ಹಾಕು" ಎಂದರು. ಸುಳ್ಳನ್ನು ಎಲ್ಲರೂ ಚಪ್ಪರಿಸಿ ಕೇಳಿದ್ದರು. ನಿಜ ಯಾರಿಗೂ ಬೇಕಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಕುರುಗೋಡಿನ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾದ ಹೋಟೆಲಿನಲ್ಲಿ ಓಣಿಯ ನಾಲ್ಕು ಜನ ಕೂತಿದ್ದಾಗ ಎದ್ದುನಿಂತು ಹೇಳಿದೆ. ಒಬ್ಬ ಉಗುಳಿದ. ಇನ್ನೊಬ್ಬ ಚಹಾ ಕೆಳಗಿಟ್ಟು ಕೇಳಿದ:

"ಹಂಗಾರ ನೀ ಬಾಯಿ ಮುಚ್ಕೊಂಡಿದ್ರ ಆಕಿ ಪಾಸಾಗ್ತಿದ್ಲೇನ್ಲೇ?"

ಹೌದು ಅನ್ನಬೇಕು ಅನ್ನಿಸಿತು. ಆದರೆ ಅದು ನನಗೆ ಹೇಗೆ ಗೊತ್ತು? ಅವಳು ಏನು ಬರೆದಿದ್ದಳೋ ಯಾರೂ ಓದಲಿಲ್ಲ. ಒಂದು ಬದಿ ತುಂಬಿದ, ಇನ್ನೊಂದು ಬದಿ ಖಾಲಿಯಿದ್ದ ಆ ಹಾಳೆಯನ್ನು ಅವಳು ಅವತ್ತೇ ಒಲೆಗೆ ಹಾಕಿದಳು.

ಗೊತ್ತಿಲ್ಲ ಎಂದೆ.