ಹಸಿರು ಬಾವುಟ ಹಿಡಿದವನು

ಎಂಬತ್ತರ ದಶಕದಲ್ಲಿ ನಾನು ದಿನಾ ಸೈಕಲ್ಲಿನಲ್ಲಿ ರಾಣೆಬೆನ್ನೂರಿನ ಹೊರಗಿನ ರೈಲ್ವೆ ಗೇಟು ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿನ ಗೇಟ್‌ಮನ್ ಗುತ್ತಲದ ಕಡೆಯವನು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ, ಕಣ್ಣು ಹೋದ ತಾಯಿಯನ್ನು ಗೇಟಿನ ಕೋಣೆಗೇ ಕರೆತಂದು ಹೊರಸಿನ ಮೇಲೆ ಕೂರಿಸುತ್ತಿದ್ದ. ಆಕೆ ನೀರು ಕೇಳಲಿ, ಎಲೆಅಡಿಕೆ ಕೇಳಲಿ, ರೈಲಿನ ಹೊತ್ತಾಗಿದ್ದರೆ ಅವನದು ಒಂದೇ ಮಾತು: “ಗಾಡಿ ಹೋಗ್ಲಿ ಯವ್ವಾ, ಬಂದ್ನಿ.”

ಒಂದು ಬೆಳಿಗ್ಗೆ ಅವನು ಗೇಟು ಹಾಕಿ ಹಸಿರು ಬಾವುಟ ಹಿಡಿದು ನಿಂತಿದ್ದ. ರೈಲು ಹತ್ತಿರ ಬಂದಿತ್ತು. ಆಗಲೇ ಕೋಣೆಯಿಂದ, “ಯಪ್ಪಾ, ಬಿದ್ನೋ!” ಎಂಬ ಕೂಗು ಕೇಳಿತು. ಅವನು ಕದಲಲಿಲ್ಲ. ಕೊನೆಯ ಡಬ್ಬಿ ದಾಟಿದ ಕೂಡಲೇ ಒಳಗೆ ಓಡಿದ. ನಾನೂ ಹಿಂದೆಯೇ ಹೋದೆ.

ಮುದುಕಿಯ ಹಣೆ ಒಡೆದಿತ್ತು. ಟವೆಲ್ಲಿನಿಂದ ಅದನ್ನು ಒತ್ತಿ ಹಿಡಿದು ಅವನು ನನಗೆ ಹೇಳಿದ: “ನಾ ಗೇಟ್ ಬಿಟ್ಟು ಬರೂಹಂಗಿಲ್ರಿ. ದವಾಖಾನಿಗೆ ನೀವು ಕರ್ಕೊಂಡು ಹೋಗ್ತೀರೇನ್ರಿ?”

ಟಾಂಗಾದಲ್ಲಿ ಕರೆದೊಯ್ದೆ. ಹೊಲಿಗೆ ಹಾಕುತ್ತಿದ್ದ ಡಾಕ್ಟರು ನನ್ನನ್ನೇ ಮಗನೆಂದು ತಿಳಿದು, “ತಾಯೀನ್ನ ಹಿಂಗ ಬಿಟ್ಟು ಎಲ್ಲಿ ಹೋಗಿದ್ರಿ?” ಎಂದು ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು: “ಇಂವ ನನ್ನ ಮಗಾ ಅಲ್ರಿ. ನನ್ನ ಮಗಾ ಡ್ಯೂಟಿ ಮ್ಯಾಲ ಅದಾನ.”